ಪಂಪ್ ಬದಲಿಸುವ ಮೊದ್ಲು ಒಮ್ಮೆ ಗೇಜ್ ಹಾಕಿ ನೋಡಿ ಮಾರ್ರೆ
ಗಾಡಿಗೆ ಪುಲ್ಲಿಂಗ್ (ಎಳೆಯುವ ಶಕ್ತಿ) ಇಲ್ಲದಿದ್ರೆ ಫ್ಯೂಯಲ್ ಪಂಪ್, ಅಂದ್ರೆ ಟ್ಯಾಂಕಿನಿಂದ ಎಂಜಿನಿಗೆ ಪೆಟ್ರೋಲ್ ಕಳಿಸುವ ಪಂಪ್, ಬದಲಿಸಿ ಅಂತ ಲೇಖನದಲ್ಲಿ ಬರ್ದಿದ್ದೀರಿ, ಓದಿ ಸುಮ್ನೆ ಕೂರ್ಲಿಕ್ಕೆ ಆಗ್ಲಿಲ್ಲ. ನಂದು ಹಳೇ ಪೆಟ್ರೋಲ್ ಕಾರು, ಮನೆ ಮಲ್ಪೆ ಹತ್ರ. ಊರೊಳಗೆ ಎಂತ ತೊಂದ್ರೆ ಇಲ್ಲ, ಆಗುಂಬೆ ಘಾಟಿ ಹತ್ತುವಾಗ ಮಾತ್ರ ಮೂರನೇ ತಿರುವಿಗೇ ಉಸಿರು ಕಟ್ಟಿದ ಹಾಗೆ ಆಗ್ತಿತ್ತು. ಒಂದು ಗ್ಯಾರೇಜಿನವ್ರು ಚೆಕ್ ಮಾಡದೇ ಹೊಸ ಪಂಪ್ ಹಾಕಿದ್ರು, ದುಡ್ಡು ಹೋಯ್ತು, ಘಾಟಿಯಲ್ಲಿ ಪುನಃ ಅದೇ ಕತೆ. ಮತ್ತೆ ಸಂತೆಕಟ್ಟೆಯ ಒಬ್ರು ಮೆಕ್ಯಾನಿಕ್ ಪೆಟ್ರೋಲ್ ಲೈನಿಗೆ ಒತ್ತಡ ತೋರಿಸುವ ಪ್ರೆಶರ್ ಗೇಜ್ ಸಿಕ್ಕಿಸಿ ಅದನ್ನು ವೈಪರಿಗೆ ಕಟ್ಟಿ ಮಣಿಪಾಲದ ಏರು ಹತ್ತಿಸಿದ್ರು, ಐಡ್ಲಿಂಗಲ್ಲಿ 3 ಬಾರ್ ಸರಿಯಾಗೇ ಉಂಟು, ಏರಿನಲ್ಲಿ 2ಕ್ಕಿಂತ ಕೆಳಗೆ! ಹಿಂದಿನ ಸೀಟ್ ಎತ್ತಿ ಪಂಪಿನ ಕನೆಕ್ಟರಿಗೆ ಮೀಟರ್ ಹಿಡಿದ್ರೆ ಎಂಜಿನ್ ಓಡ್ತಿರುವಾಗ್ಲೂ ಬರೀ 9 ವೋಲ್ಟ್, ಇರ್ಬೇಕಾದ್ದು 13ರ ಆಸುಪಾಸು, ವೋಲ್ಟೇಜ್ ಸಾಲದೆ ಪಂಪ್ ಸೋಲ್ತಿತ್ತು. ಅರ್ತ್ ವಯರಿನ ತುದಿ ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದು ಮುಟ್ಟಿದ್ರೆ ಪುಡಿ ಉದುರ್ತಿತ್ತು. ಅಲ್ಲಿ ಉಜ್ಜಿ ಹೊಸ ಟರ್ಮಿನಲ್ ಹಾಕಿದ್ದಷ್ಟೇ, ಈಗ ಘಾಟಿ ಆರಾಮಲ್ಲಿ ಹತ್ತುತ್ತದೆ.

ಕೀ ಆಫ್ ಮಾಡಿದ ಮೇಲೆ ಗೇಜಿನ ಮುಳ್ಳು ಸರ್ರಂತ ಇಳಿದ್ರೆ ಅದು ಬೇರೆ ವಿಷ್ಯ, ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದೆ ಹೋಗದ ಹಾಗೆ ತಡೆಯುವಂಥದ್ದು), ರೆಗ್ಯುಲೇಟರ್ (ಲೈನಿನ ಪ್ರೆಶರ್ ಹದದಲ್ಲಿ ಇಡುವಂಥದ್ದು) ಇಲ್ಲಾ ಇಂಜೆಕ್ಟರ್ (ಎಂಜಿನಿಗೆ ಪೆಟ್ರೋಲ್ ಚಿಮ್ಮಿಸುವಂಥದ್ದು) ಸೋರ್ತಾ ಉಂಟು ಅಂತ ಲೆಕ್ಕ, ಸ್ಟಾರ್ಟ್ ಆಗ್ಲಿಕ್ಕೆ ಸತಾಯಿಸುದು ಹೆಚ್ಚಾಗಿ ಅದಕ್ಕೇ. ಹಳೇ ಗಾಡಿಯಲ್ಲಿ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಒಳಗೆ ಪೆಟ್ರೋಲ್ ಹಸಿ ಕಂಡ್ರೆ ಅದರೊಳಗಿನ ಡಯಾಫ್ರಾಮ್ (ತೆಳು ಪರದೆ) ಹರಿದಿದೆ ಅಂತ.

ಮತ್ತೆ ಗೇಜ್ ಹಾಕುವ ಮೊದ್ಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗೇ ನಿಲ್ಲುವ ತನಕ ಓಡಿಸಿ ದಯವಿಟ್ಟು, ಲೈನಲ್ಲಿ ಪ್ರೆಶರ್ ಇರುವಾಗ ಪೈಪ್ ಬಿಚ್ಚಿದ್ರೆ ಪೆಟ್ರೋಲ್ ಬಿಸಿ ಎಂಜಿನ್ ಮೇಲೆಯೇ ಚಿಮ್ಮುದು.