ಭಾವನ ಬೆರಳು

ಪ್ಯಾಂಟೂ ಆರಿಲ್ಲ, ಸಿಟ್ಟೂ ಆರಿಲ್ಲ. ಬೆಳಿಗ್ಗೆ ಹೆಬ್ರಿ ಕಡೆ ಸೀತಾ ನದಿಗೆ ಹೋಗಿದ್ದೆ, ಸ್ಟ್ರೀಮ್ ಗ್ಲೋರಿ ಎಂಬ ಡ್ಯಾಮ್ಸೆಲ್‌ಫ್ಲೈ ಫೋಟೋ ತೆಗೆಯಲಿಕ್ಕೆ. ಚಿಕ್ಕವರಿರುವಾಗ ಹೆಲಿಕಾಪ್ಟರ್ ಚಿಟ್ಟೆ ಅಂತ ಹಿಂದೆ ಓಡುತ್ತಿದ್ದೆವಲ್ಲ, ಅದರ ಪೈಕಿಯದ್ದೇ, ಆದರೆ ಸಪೂರ. ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿ ಇಟ್ಟುಕೊಳ್ಳುತ್ತದೆ.

ತೊಂದರೆ ಇರುವುದೇ ಈ ಮಡಚುವುದರಲ್ಲಿ. ಗಂಡಿನ ಹಿಂದಿನ ರೆಕ್ಕೆಯ ಮೇಲ್ಭಾಗ ಫಳಫಳ ಹಸಿರು. ಮಡಚಿದರೆ ಹೊರಗೆ ಕಾಣುವುದು ಬರೀ ಕಂದು. ಹೆಣ್ಣು ಹತ್ತಿರ ಬಂದಾಗ ಅರೆಕ್ಷಣ ಬಿಚ್ಚಿ ಶೋಕಿ ಮಾಡಿ ಮತ್ತೆ ಮಡಚುತ್ತದೆ, ಮದುವೆಗೆ ಮಾತ್ರ ಬೀರುವಿನಿಂದ ತೆಗೆಯುವ ರೇಷ್ಮೆ ಸೀರೆಯ ಹಾಗೆ.

ಆ ಅರೆಕ್ಷಣಕ್ಕಾಗಿ ನಾನು ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಹಿಂದೆ ಭಾವ. ಅವರಿಗೆ ಬೆರಳು ತೋರಿಸದೆ ಮಾತೇ ಹೊರಡುವುದಿಲ್ಲ. ಬಸ್ಸಿನ ಬೋರ್ಡು ಓದುವಾಗಲೂ ತೋರಿಸುತ್ತಾರೆ, ಊಟಕ್ಕೆ ಕೂತರೆ ಉಪ್ಪಿನಕಾಯಿ ಬಡಿಸುವವನಿಗೆ ಎಲೆಯ ಮೂಲೆ ತೋರಿಸುತ್ತಾರೆ. ಹುಳ ಕಲ್ಲಿನ ಮೇಲೆ ಬಂದು ಕೂರುತ್ತದೆ, ನಾನು ಉಸಿರು ಬಿಗಿಹಿಡಿದು ಫೋಕಸ್ ಮಾಡುತ್ತೇನೆ, ಅಷ್ಟರಲ್ಲಿ ನನ್ನ ಕಿವಿಯ ಪಕ್ಕದಿಂದ ಒಂದು ಕೈ ಉದ್ದಕ್ಕೆ ಬರುತ್ತದೆ. "ಓ, ಅಲ್ಲುಂಟು ಮಾರಾಯ!" ನೆರಳು ಬಿದ್ದದ್ದೇ ತಡ, ಹಾರಿತು. ಗಂಡು ತನ್ನ ಜಾಗ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ತಿರುಗಿ ಅದೇ ಕಲ್ಲಿಗೆ ಬರುತ್ತದೆ. ಕೈಯೂ ಬರುತ್ತದೆ. "ಭಾವ, ಕೈ ಸ್ವಲ್ಪ ಕಿಸೆಯಲ್ಲಿ ಇಟ್ಟುಕೊಳ್ಳಿ" ಅಂದೆ. ಪಾಪ, ಇಟ್ಟುಕೊಂಡರು. ಆಮೇಲೆ ಕಾಲಿನಿಂದ ತೋರಿಸಿದರು. ಕಲ್ಲಿಗೆ ಪಾಚಿ ಹಿಡಿದಿತ್ತು, ಎರಡೂ ಕೈ ಕಿಸೆಯಲ್ಲಿ, ಜಾರಿದರು. ಬೀಳುವ ಮೊದಲು ಹೇಗೋ ಒಂದು ಕೈ ಹೊರಗೆ ತೆಗೆದು ಹಿಡಿದುಕೊಂಡದ್ದು ನನ್ನ ಕಾಲರನ್ನು.

ಕ್ಯಾಮೆರಾ ಉಳಿಯಿತು. ಅದರಲ್ಲಿರುವುದು ಕಂದು ರೆಕ್ಕೆ, ಖಾಲಿ ಕಲ್ಲು, ಮತ್ತೆ ಭಾವನ ಬೆರಳು. ಬೆರಳು ಮಾತ್ರ ಎಲ್ಲದರಲ್ಲೂ ಶಾರ್ಪ್ ಆಗಿ ಬಂದಿದೆ.

ಮೊದಲೆಲ್ಲ ಹೀಗೆ ದೂರ ಹೋಗಬೇಕಂತ ಇರಲಿಲ್ಲ. ಇದೇ ಹುಳ ಅಲ್ಲದಿದ್ದರೂ ಹಳದಿಯವು, ನೀಲಿ ಬಾಲದವು ಮನೆ ಹಿಂದಿನ ಗದ್ದೆಯ ಬದುವಿನಲ್ಲೇ ಇದ್ದವು. ಈಗ ಆ ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಸೈಟು ಮಾಡಿದ್ದಾರೆ. ವಾಪಸ್ ಬರುವಾಗ ಕಾರಿನಲ್ಲಿ ಈ ಮಾತು ಬಂತು, ಭಾವ ಸ್ವಲ್ಪ ಹೊತ್ತು ಸುಮ್ನೆ ಕೂತರು.

ಆಮೇಲೆ ಹುಳದ ಹೆಸರು ಕೇಳಿದರು. ನ್ಯೂರೊಬೇಸಿಸ್ ಚೈನೆನ್ಸಿಸ್, ಚೈನೆನ್ಸಿಸ್ ಅಂತ ಲಿನೇಯಸ್ ಎಂಬ ವಿಜ್ಞಾನಿ 1758ರಲ್ಲೇ ಇಟ್ಟದ್ದು ಅಂದೆ.

"ಚೈನಾ ಮಾಲಾ? ಮತ್ತೆ ಕಲರ್ ಎಲ್ಲಿ ನಿಲ್ತದೆ ಮಾರಾಯ!"