ಭಾವನ ಲ್ಯಾಪ್‌ಟಾಪ್ ರಾಶಿ

ಡೊಂಬಿವಲಿಯ ನಮ್ಮ ಭಾವ ಯಾವುದೋ ಆಫೀಸಿನವರು ಬಿಸಾಕಿದ ಲ್ಯಾಪ್‌ಟಾಪ್‌ಗಳನ್ನು ಮಕ್ಕಳ ಪಾಠಕ್ಕೆಂದು ತಂದಿಟ್ಟಿದ್ದಾರೆ. ಪುಣೆಯಲ್ಲಿ ಕೂತು ನಾನು ಅವಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಬೇಕು. ಅದೂ ನೆಟ್‌ವರ್ಕ್ ಬೂಟ್ ಮಾಡಿ, ಅಂದರೆ ಯಂತ್ರ ಏಳುವಾಗಲೇ ಬೇಕಾದ ಫೈಲುಗಳನ್ನು ಕೇಬಲ್ ಮೂಲಕ ಬೇರೆ ಕಂಪ್ಯೂಟರಿನಿಂದ ತರಿಸಿಕೊಂಡು! ಪೆನ್‌ಡ್ರೈವ್ ಹಳೇ ಕಾಲದ್ದಂತೆ.

ಈ ವಿಧಾನದ ಹೆಸರು ಪಿಎಕ್ಸ್‌ಇ, ಕೇಳೋಕೆ ಚೆಂದ. ಆದರೆ ಈ ಹಳೇ ಯಂತ್ರಗಳು ವೈಫೈನಲ್ಲಿ ಬೂಟ್ ಆಗುವುದಿಲ್ಲ, ಕೇಬಲ್ಲೇ ಬೇಕು. ಒಂದರಲ್ಲಿ ಕೇಬಲ್ ಚುಚ್ಚುವ ಜಾಗವೇ ಇಲ್ಲ. ಯುಎಸ್‌ಬಿ ಅಡಾಪ್ಟರ್ ಹಾಕಿದರೆ ಬಯಾಸ್, ಅಂದರೆ ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ, ಮೂಸಿಯೂ ನೋಡುವುದಿಲ್ಲ.

ಮನೆಯ ರೌಟರ್ ಐಪಿ ವಿಳಾಸ ಕೊಡುತ್ತದೆ, ಬೂಟ್ ಫೈಲಿನ ಹೆಸರು ಹೇಳುವುದಿಲ್ಲ. ಅದಕ್ಕೆ ಅಲ್ಲಿನ ಕಂಪ್ಯೂಟರಿನಲ್ಲಿ ದೂರದಿಂದಲೇ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಕೂರಿಸಿ, ಪ್ರಾಕ್ಸಿ ಡಿಎಚ್‌ಸಿಪಿ ಮಾಡಿದೆ: ವಿಳಾಸ ಕೊಡುವುದು ರೌಟರೇ, ಫೈಲಿನ ಹೆಸರು ಮಾತ್ರ ಇದು ಹೇಳುತ್ತದೆ. ಆಗ ಹೊಸ ರಗಳೆ. ಹಳೇ ಬಯಾಸ್‌ಗೆ ಒಂದು ಫೈಲು, ಅದರ ಹೊಸ ಅವತಾರ ಯುಇಎಫ್‌ಐಗೆ ಬೇರೆ. ಆ ಫೈಲು ಸಾಗಿಸುವ ಟಿಎಫ್‌ಟಿಪಿಯಂತೂ ಮಹಾ ಅನುಮಾನದ ಪ್ರಾಣಿ. 512 ಬೈಟ್ ಕಳಿಸುತ್ತದೆ, ಸಿಕ್ಕಿತು ಅಂತ ಉತ್ತರ ಬಂದ ಮೇಲೇ ಮುಂದಿನ ತುಣುಕು. ದೊಡ್ಡ ಫೈಲಿಗೆ ಹೀಗಾದರೆ ಹೇಗೆ? ಪಿಎಕ್ಸ್‌ಇಯ ಸುಧಾರಿತ ರೂಪ ಐಪಿಎಕ್ಸ್‌ಇ ಹಾಕಿ, ವೆಬ್ ಪುಟ ತರುವ ಎಚ್‌ಟಿಟಿಪಿಯಲ್ಲೇ ತರಿಸಿದೆ, ಜೀವ ಬಂತು.

ಆದರೂ ಕೀಲಿ ಒತ್ತುವವರು ಭಾವ ತಾನೇ! ನೆಟ್‌ವರ್ಕ್ ಬೂಟ್ ಆರಿಸಲು ಒಂದಕ್ಕೆ ಎಫ್12, ಇನ್ನೊಂದಕ್ಕೆ ಎಫ್9. ಅವರು ಕನ್ನಡಕ ಹುಡುಕುವಷ್ಟರಲ್ಲಿ ಹಳೇ ವಿಂಡೋಸ್ ಎದ್ದು ಕೂತಿರುತ್ತದೆ.

“ಏನೋ ಇಂಗ್ಲಿಷಲ್ಲಿ ಬಂತು ಮಾರಾಯ, ಹೋಯ್ತು.”

“ಏನು ಬಂತು ಭಾವ?”

“ಓದೋಕೆ ಬಿಟ್ಟರೆ ತಾನೇ!”