ಪೆಂಗ್ವಿನ್‌ಗಳಿಗೂ ಶೇ 10

ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳಲ್ಲಿ ಮನುಷ್ಯರಿಲ್ಲ. ಹಿಂದೂ ಮಹಾಸಾಗರದ ದಕ್ಷಿಣಕ್ಕೆ, ಅಂಟಾರ್ಕ್ಟಿಕಾದ ಕಡೆಗೆ ಚದುರಿಬಿದ್ದಿರುವ, ಆಸ್ಟ್ರೇಲಿಯಾಕ್ಕೆ ಸೇರಿದ ಈ ನೆಲದಲ್ಲಿ ಇರುವುದು ಹಿಮನದಿಗಳು, ಜ್ವಾಲಾಮುಖಿಗಳು, ಸೀಲ್‌ಗಳು ಮತ್ತು ಲೆಕ್ಕಕ್ಕೆ ಸಿಗದಷ್ಟು ಪೆಂಗ್ವಿನ್‌ಗಳು. ಬಂದರಿಲ್ಲ, ಕಾರ್ಖಾನೆಯಿಲ್ಲ, ರಫ್ತುದಾರರ ಸಂಘವಂತೂ ಇಲ್ಲವೇ ಇಲ್ಲ. 2025ರ ಏಪ್ರಿಲ್ 2ರಂದು ಡೊನಾಲ್ಡ್ ಟ್ರಂಪ್ ಹೆಚ್ಚೂಕಡಿಮೆ ಇಡೀ ಜಗತ್ತಿಗೆ ‘ಪ್ರತಿಸುಂಕ’ ಘೋಷಿಸಿದಾಗ ಈ ದ್ವೀಪಗಳ ಪಾಲಿಗೂ ಶೇ 10 ಬಂತು. ಇಷ್ಟು ವರ್ಷ ಅಮೆರಿಕವನ್ನು ಲೂಟಿ ಹೊಡೆದು, ಏನೂ ಅರಿಯದವರ ಹಾಗೆ ಕಪ್ಪು ಕೋಟು ತೊಟ್ಟು ನಿಂತಿದ್ದವರು ಕೊನೆಗೂ ಸಿಕ್ಕಿಬಿದ್ದರು.

ಇದನ್ನು ಕಂಡು ನಕ್ಕವರಿಗೆ ಅರ್ಥಶಾಸ್ತ್ರ ಗೊತ್ತಿಲ್ಲ. ಯಾವ ಜಾಗವನ್ನು ಪಟ್ಟಿಯಿಂದ ಬಿಟ್ಟರೂ ಬೇರೆ ದೇಶಗಳು ಅದರ ಮೂಲಕವೇ ಸರಕು ನುಸುಳಿಸುತ್ತವೆ ಎಂದು ವಾಣಿಜ್ಯ ಸಚಿವ ಹೊವರ್ಡ್ ಲುಟ್ನಿಕ್ ಟಿವಿಯಲ್ಲಿ ಗಂಭೀರವಾಗಿಯೇ ವಿವರಿಸಿದರು. ನಿಜ. ಚೀನಾದ ಕಂಪನಿಯೊಂದು ಹಿಮನದಿಯ ಮೇಲೆ ಟಿವಿಗಳನ್ನು ಇಳಿಸಿ, ಪೆಂಗ್ವಿನ್‌ಗಳಿಂದ ಹೊಸ ಲೇಬಲ್ ಅಂಟಿಸಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹಡಗು ಹತ್ತಿಸಿದರೆ ಕೇಳುವವರು ಯಾರು? ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶವನ್ನೂ ಅದೇ ಮುಂಜಾಗ್ರತೆಯಿಂದ ಪಟ್ಟಿಗೆ ಸೇರಿಸಿದ್ದರು. ಅಲ್ಲಿರುವುದು ಡಿಯಾಗೊ ಗಾರ್ಸಿಯಾ ಸೇನಾ ನೆಲೆ. ವಾಸಿಸುವವರು ಬಹುಪಾಲು ಅಮೆರಿಕದ ಸೈನಿಕರು ಮತ್ತು ಅವರಿಗಾಗಿ ದುಡಿಯುವವರು. ಶತ್ರು ಎಲ್ಲಿ ಅಡಗಿರುತ್ತಾನೆ ಎಂದು ಯಾರು ಕಂಡಿದ್ದಾರೆ!

ಆದರೆ ನನಗೆ ಪೆಂಗ್ವಿನ್‌ಗಿಂತ ಪ್ರಿಯವಾದದ್ದು ಸೂತ್ರ. ಶ್ವೇತಭವನದ ಹೂದೋಟದಲ್ಲಿ ಅಧ್ಯಕ್ಷರು ಎತ್ತಿ ಹಿಡಿದ ಫಲಕದಲ್ಲಿ ಪ್ರತಿ ದೇಶದ ಮುಂದೆ ಎರಡು ಅಂಕಿಗಳಿದ್ದವು. ಒಂದು, ಆ ದೇಶ ಅಮೆರಿಕಕ್ಕೆ ಹಾಕುತ್ತಿರುವ ಸುಂಕ. ಇನ್ನೊಂದು, ‘ರಿಯಾಯಿತಿ’ ಕಳೆದು ಅಮೆರಿಕ ಈಗ ಹಾಕುವ ಸುಂಕ. ಭಾರತದ ಮುಂದೆ 52 ಮತ್ತು 26. ಇಂಡೊನೇಷ್ಯಾದ ಮುಂದೆ 64 ಮತ್ತು 32. ಈ 52, 64 ಯಾವ ಸುಂಕದ ಪುಸ್ತಕದಲ್ಲಿವೆ ಎಂದು ಜಗತ್ತಿನ ವ್ಯಾಪಾರ ತಜ್ಞರೆಲ್ಲ ತಲೆ ಕೆರೆದುಕೊಳ್ಳುತ್ತಿರುವಾಗ, ಜೇಮ್ಸ್ ಸುರೊವೀಕಿ ಎಂಬ ಪತ್ರಕರ್ತ ಕೂತಲ್ಲೇ ಗುಟ್ಟು ಬಿಡಿಸಿದರು. ಇಂಡೊನೇಷ್ಯಾದೊಂದಿಗೆ ಅಮೆರಿಕದ ವ್ಯಾಪಾರ ಕೊರತೆ, ಅಂದರೆ ರಫ್ತಿಗಿಂತ ಆಮದು ಹೆಚ್ಚಾದ ಮೊತ್ತ, 1,790 ಕೋಟಿ ಡಾಲರ್. ಅಲ್ಲಿಂದ ಆಮದು 2,800 ಕೋಟಿ ಡಾಲರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: ಶೇ 64. ಅರ್ಧ ಮಾಡಿ: ಶೇ 32. ಮುಗಿಯಿತು. ಸುಂಕದ ಪುಸ್ತಕವನ್ನು ಯಾರೂ ತೆರೆದೇ ಇರಲಿಲ್ಲ.

ಇಷ್ಟು ದೊಡ್ಡ ಸಾಮ್ರಾಜ್ಯದ ನೀತಿ ಏಳನೇ ತರಗತಿಯ ಭಾಗಾಕಾರ ಎಂದರೆ ಮರ್ಯಾದೆಯ ಪ್ರಶ್ನೆ ಅಲ್ಲವೇ? ಶ್ವೇತಭವನದ ವಕ್ತಾರರು ಸಿಡುಕಿ ಅಲ್ಲಗಳೆದರು. ಎಲ್ಲ ಅಡೆತಡೆಗಳನ್ನೂ ಲೆಕ್ಕ ಹಾಕಿಯೇ ಅಂಕಿ ತೆಗೆದಿದ್ದೇವೆ ಎಂದರು, ಸಾಕ್ಷಿಗೆ ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಯ ಸೂತ್ರವನ್ನು ಮುಂದಿಟ್ಟರು. ನೋಡಿದರೆ ಅದೇ ಭಾಗಾಕಾರ. ಹೊಸದಾಗಿ ಸೇರಿದ್ದು ಛೇದದಲ್ಲಿ ಎರಡು ಗ್ರೀಕ್ ಅಕ್ಷರಗಳು: ಎಪ್ಸಿಲಾನ್ ಮತ್ತು ಫೈ. ಬೆಲೆ ಏರಿದರೆ ಆಮದು ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಎಪ್ಸಿಲಾನ್. ಅದರ ಬೆಲೆ 4. ಸುಂಕದಲ್ಲಿ ಎಷ್ಟು ಪಾಲು ಆಮದಿನ ಬೆಲೆಗೆ ಸೇರುತ್ತದೆ ಎಂಬುದಕ್ಕೆ ಫೈ. ಅದರ ಬೆಲೆ 0.25. ಎರಡನ್ನೂ ಗುಣಿಸಿ. 1 ಬಂತೇ? ಒಂದರಿಂದ ಭಾಗಿಸಿದರೆ ಏನೂ ಬದಲಾಗುವುದಿಲ್ಲ ಎಂಬುದನ್ನು ಹೇಳಿಕೊಟ್ಟ ಮೇಷ್ಟ್ರನ್ನು ಈ ಸಂದರ್ಭದಲ್ಲಿ ನೆನೆಯುವುದು ಒಳ್ಳೆಯದು. ಇಬ್ಬರು ಗ್ರೀಕರು ಬಂದರು, ಪರಸ್ಪರ ಹೊಡೆದುಕೊಂಡು ಸತ್ತರು, ಅಂಕಿ ಕೂದಲೂ ಕೊಂಕದೆ ಉಳಿಯಿತು.

ಇದರಲ್ಲೂ ಒಂದು ತಮಾಷೆಯಿದೆ. ಫೈ ಕುರಿತು ಅವರು ಆಧಾರವೆಂದು ತೋರಿಸಿದ ಅಧ್ಯಯನದ ಲೇಖಕರಲ್ಲಿ ಒಬ್ಬರಾದ ಹಾರ್ವರ್ಡ್‌ನ ಆಲ್ಬರ್ಟೊ ಕವಾಲೊ, ತಮ್ಮ ಅಧ್ಯಯನದ ಪ್ರಕಾರ ಅದು 0.25 ಅಲ್ಲ, 0.945 ಎಂದರು. ಅದನ್ನು ಹಾಕಿದ್ದರೆ ಸುಂಕಗಳೆಲ್ಲ ಸುಮಾರು ಕಾಲು ಭಾಗಕ್ಕೆ ಇಳಿಯುತ್ತಿದ್ದವು. ಸಾಕ್ಷಿಯೇ ಕಟಕಟೆಯಿಂದ ಕೂಗಿ ಹೇಳಿದರೂ ತೀರ್ಪು ಬದಲಾಗಲಿಲ್ಲ, ಯಾಕೆಂದರೆ ತೀರ್ಪು ಬರೆದ ಮೇಲೆ ಕರೆದ ಸಾಕ್ಷಿ ಅದು.

ಪೂರ್ತಿ ಪಟ್ಟಿಯಲ್ಲಿ ದೇಶವೊಂದಕ್ಕೆ ಬಿದ್ದ ಅತಿ ಹೆಚ್ಚಿನ ದರ, ಶೇ 50, ಲೆಸೊಥೊಗೆ. ಸುತ್ತಲೂ ದಕ್ಷಿಣ ಆಫ್ರಿಕಾವನ್ನೇ ಹೊದ್ದು ಕೂತಿರುವ, ಇಪ್ಪತ್ತು ಲಕ್ಷ ಚಿಲ್ಲರೆ ಜನರಿರುವ ಬಡ ಬೆಟ್ಟದ ನಾಡು ಅದು. ಒಂದು ತಿಂಗಳ ಹಿಂದಷ್ಟೇ ಅಮೆರಿಕದ ಸಂಸತ್ತಿನಲ್ಲಿ ಟ್ರಂಪ್ ಅದನ್ನು ಯಾರೂ ಕೇಳಿರದ ದೇಶ ಎಂದಿದ್ದರು. ಯಾರೂ ಕೇಳಿರದೆಯೇ ಅಷ್ಟು ದೊಡ್ಡ ಮೋಸ ಮಾಡಿದ್ದರೆ ಅದರ ಚಾಣಾಕ್ಷತೆಯನ್ನು ಮೆಚ್ಚಬೇಕು. ಅದರ ಅಪರಾಧ ಇಷ್ಟೇ: ಅಮೆರಿಕನ್ನರು ತೊಡುವ ಜೀನ್ಸ್ ಹೊಲಿದುಕೊಡುವುದು, ವಜ್ರ ಮಾರುವುದು, ಮತ್ತು ಅಮೆರಿಕದ ಮಾಲನ್ನು ಕೊಳ್ಳುವಷ್ಟು ಹಣ ಇಲ್ಲದಿರುವುದು. ಶೇ 47 ಹಾಕಿಸಿಕೊಂಡ ಮಡಗಾಸ್ಕರ್ ಮಾಡಿದ್ದೂ ಅದೇ. ಜಗತ್ತಿಗೆಲ್ಲ ವೆನಿಲಾ ಬೆಳೆದುಕೊಡುವ ಅಲ್ಲಿ ತಲಾ ಆದಾಯ ವರ್ಷಕ್ಕೆ 500 ಡಾಲರ್ ಆಸುಪಾಸು. ಆ ರೈತ ತನ್ನ ಪಾಲಿನ ಟೆಸ್ಲಾ ಕೊಳ್ಳದೆ ಅಮೆರಿಕಕ್ಕೆ ದ್ರೋಹ ಬಗೆದಿದ್ದಾನೆ. ಇನ್ನು ಆಸ್ಟ್ರೇಲಿಯಾ, ಬ್ರಿಟನ್ ಜೊತೆ ಸರಕು ವ್ಯಾಪಾರದಲ್ಲಿ ಅಮೆರಿಕದ್ದೇ ಮೇಲುಗೈ. ಸೂತ್ರದ ಪ್ರಕಾರ ಅವರಿಗೆ ಅಮೆರಿಕವೇ ಬಾಕಿ ಕೊಡಬೇಕಿತ್ತು. ಅವರಿಗೂ ಶೇ 10 ಹಾಕಿದರು. ಸೂತ್ರವನ್ನು ಎಷ್ಟು ನಂಬಬೇಕು ಎಂಬುದು ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಎಲ್ಲವನ್ನೂ ಟ್ರಂಪ್ ತಲೆಗೆ ಕಟ್ಟಿದರೆ ಹಳೆಯ ಕಲಾವಿದರಿಗೆ ಅನ್ಯಾಯವಾಗುತ್ತದೆ. ಅಂಕಿ ಮೊದಲು, ಅರ್ಥಶಾಸ್ತ್ರ ಆಮೇಲೆ ಎಂಬ ಪದ್ಧತಿಯನ್ನು ಗೌರವಸ್ಥರು ಬಹಳ ಹಿಂದೆಯೇ ರೂಢಿಗೆ ತಂದಿದ್ದಾರೆ. 1981ರಲ್ಲಿ ಫ್ರಾನ್ಸಿನಲ್ಲಿ ಫ್ರಾಂಸ್ವಾ ಮಿತ್ತರಾಂ ಅಧ್ಯಕ್ಷರಾದರು. ಸಮಾಜವಾದಿ ಸರ್ಕಾರ ಬಂದ ಖುಷಿಯಲ್ಲಿ ಮಂತ್ರಿಗಳೆಲ್ಲ ಹಣ ಕೇಳಿಕೊಂಡು ಬಂದಾಗ ಬಾಯಿ ಮುಚ್ಚಿಸಲು ಒಂದು ನಿಯಮ ಬೇಕಾಯಿತು. ಬಜೆಟ್ ವಿಭಾಗದ ಗಿ ಅಬೇಯ್ ಎಂಬ ಯುವ ಅಧಿಕಾರಿ, ಇನ್ನೊಬ್ಬ ಸಹೋದ್ಯೋಗಿಯ ಜೊತೆ ಕೂತು ಒಂದು ಗಂಟೆಯೊಳಗೆ ಅದನ್ನು ಹೊಸೆದರು. ಬಜೆಟ್ ಕೊರತೆಯನ್ನು, ಅಂದರೆ ಆದಾಯ ಮೀರಿದ ಸರ್ಕಾರದ ಖರ್ಚನ್ನು, ಜಿಡಿಪಿಯಿಂದ (ದೇಶದ ವರ್ಷದ ಒಟ್ಟು ಉತ್ಪಾದನೆಯ ಮೌಲ್ಯ) ಭಾಗಿಸಿದರು. ಹಾಗೆ ಮಾಡಿದರೆ ವಿದ್ವತ್ತಿನ ಕಳೆ ಬರುತ್ತದೆ. ಕೊರತೆಯ ಮಿತಿ ಶೇ 1 ಎನ್ನುವುದು ಆಗದ ಹೋಗದ ಮಾತು. ಶೇ 2 ಇಕ್ಕಟ್ಟು. ಮೂರು? ಮೂರಕ್ಕೆ ಒಂದು ದೈವಿಕ ಗಾಂಭೀರ್ಯವಿದೆ, ಕ್ರೈಸ್ತರ ತ್ರಿತ್ವವೂ ಮೂರೇ. ಯಾವ ಆರ್ಥಿಕ ಸಿದ್ಧಾಂತದ ಹಂಗೂ ಇಲ್ಲದೆ ಹುಟ್ಟಿದ ಅಂಕಿ ಇದು ಎಂದು ಅಬೇಯ್ ಅವರೇ ಮುಂದೆ ಬಾಯಿಬಿಟ್ಟು ಹೇಳಿದರು.

ಅಷ್ಟರಲ್ಲಿ ಕೂಸು ಬೆಳೆದು ದೊಡ್ಡದಾಗಿತ್ತು. 1992ರ ಮಾಸ್ಟ್ರಿಕ್ಟ್ ಒಪ್ಪಂದ ಅದನ್ನು ಯುರೋಪಿನ ಕಾನೂನು ಮಾಡಿತು. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟಗಳು ಎತ್ತಿಕೊಂಡವು. ಭಾರತದ 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಗುರಿಯೂ ಶೇ 3 ಆಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕರು ಕಟ್ಟು ಎನ್ನುವವರು ಹಳ್ಳಿಗಳಲ್ಲಿ ಮಾತ್ರ ಇರುತ್ತಾರೆ ಎಂದು ತಿಳಿದಿದ್ದೆವು; ಕೇಂದ್ರ ಬ್ಯಾಂಕುಗಳಲ್ಲಿ, ಹಣಕಾಸು ಸಚಿವಾಲಯಗಳಲ್ಲಿ ಡಾಕ್ಟರೇಟ್ ಪಡೆದು ಕೂತಿರುತ್ತಾರೆ. ಕೊರತೆ ಶೇ 2.9 ಇದ್ದರೆ ಶಿಸ್ತು, 3.1 ಆದರೆ ಅರಾಜಕತೆ ಎಂದು ಅವರು ಮುಖ ಗಂಟಿಕ್ಕಿ ಹೇಳುವುದನ್ನು ಕೇಳಬೇಕು. ಸಾಲದ ಬಿಕ್ಕಟ್ಟಿನಲ್ಲಿ ಕತ್ತರಿ ಹಾಕಿಸಿಕೊಂಡ ಗ್ರೀಸಿನ ಪಿಂಚಣಿದಾರರು ಕೇಳಿ ದಣಿದಿದ್ದಾರೆ. 2003ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯೇ ಈ ಗೆರೆ ದಾಟಿದಾಗ ಮಾತ್ರ ಯುರೋಪಿನ ಹಣಕಾಸು ಸಚಿವರು ಕ್ರಮವನ್ನು ತಡೆಹಿಡಿದರು. ದೊಡ್ಡವರು ದಾಟಿದರೆ ಗೆರೆಯೇ ಸರಿದು ದಾರಿ ಬಿಡಬೇಕು.

ಹಣದುಬ್ಬರದ ಶೇ 2ರ ಗುರಿಯ ಹುಟ್ಟಿಗೂ ಇಂಥದೇ ಕಥೆ. ನ್ಯೂಜಿಲೆಂಡಿನ ಹಣಕಾಸು ಸಚಿವ ರೋಜರ್ ಡಗ್ಲಸ್ 1988ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಹಣದುಬ್ಬರ ಎಷ್ಟಿರಬೇಕು ಎಂಬ ಬಗ್ಗೆ ಪೂರ್ವಸಿದ್ಧತೆಯಿಲ್ಲದೆ ಒಂದು ಮಾತು ಆಡಿದರು, ಅಲ್ಲಿನ ರಿಸರ್ವ್ ಬ್ಯಾಂಕ್ ಅದನ್ನು ಹಿಗ್ಗಿಸಿ ಸೊನ್ನೆಯಿಂದ ಎರಡು ಎಂದಿತು. 2012ರಲ್ಲಿ ಅಮೆರಿಕ, ಮರುವರ್ಷ ಜಪಾನ್ ಎರಡಕ್ಕೇ ಗಂಟು ಬಿದ್ದವು. ಸರ್ಕಾರದ ಸಾಲ ಜಿಡಿಪಿಯ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಬರೆದದ್ದೇ ತಡ, ಸರ್ಕಾರಗಳ ಖರ್ಚಿಗೆ ಕತ್ತರಿ ಹಾಕಲು ಕಾದಿದ್ದವರಿಗೆ ಹಬ್ಬವಾಯಿತು. 2013ರಲ್ಲಿ ಒಬ್ಬ ವಿದ್ಯಾರ್ಥಿ ಅವರ ಎಕ್ಸೆಲ್ ಕಡತ ತೆರೆದು ನೋಡಿದರೆ, ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಲೆಕ್ಕದಲ್ಲಿ ಬೇರೆ ತಕರಾರುಗಳೂ ಇದ್ದವು, ಅವನ್ನೆಲ್ಲ ಸರಿಪಡಿಸಿದಾಗ ಆ ಗೆರೆ ದಾಟಿದ ದೇಶಗಳಲ್ಲಿ ಶೇ 0.1ರ ಕುಸಿತವಾಗಿದ್ದದ್ದು ಶೇ 2.2ರ ಬೆಳವಣಿಗೆಯಾಯಿತು. ಬಿದ್ದ ಕತ್ತರಿಯನ್ನು ಯಾರೂ ವಾಪಸು ತೆಗೆಯಲಿಲ್ಲ.

ಅರ್ಥಶಾಸ್ತ್ರಜ್ಞರು ಒಮ್ಮತಕ್ಕೆ ಬರುವುದಿಲ್ಲ, ಅದಕ್ಕೇ ರಾಜಕಾರಣಿಗಳು ಅವರ ಮಾತು ಕೇಳುವುದಿಲ್ಲ ಎಂಬ ದೂರಿದೆ. ಸುಳ್ಳು. 1930ರಲ್ಲಿ ಸೆನೆಟರ್ ಸ್ಮೂಟ್ ಮತ್ತು ಪ್ರತಿನಿಧಿ ಹಾವ್ಲಿ ಸುಂಕ ಏರಿಸುವ ಮಸೂದೆ ತಂದಾಗ ಅಮೆರಿಕದ 1,028 ಅರ್ಥಶಾಸ್ತ್ರಜ್ಞರು ಒಂದೇ ಮನವಿಗೆ ಸಹಿ ಹಾಕಿ, ದಯವಿಟ್ಟು ಇದನ್ನು ತಿರಸ್ಕರಿಸಿ ಎಂದು ಅಧ್ಯಕ್ಷ ಹರ್ಬರ್ಟ್ ಹೂವರ್ ಅವರನ್ನು ಬೇಡಿಕೊಂಡರು. ಅಷ್ಟೊಂದು ಮಂದಿ ಒಂದೇ ಮಾತು ಹೇಳಿದ್ದನ್ನು ಕಂಡು ಹೂವರ್ ಅವರಿಗೆ ಅನುಮಾನ ಬಂದಿರಬೇಕು. ಜೂನ್‌ನಲ್ಲಿ ಮಸೂದೆಗೆ ಸಹಿ ಹಾಕಿಯೇಬಿಟ್ಟರು. ಕೆನಡಾ ಮೊದಲೇ ಎದುರೇಟು ಕೊಟ್ಟಿತ್ತು, ಯುರೋಪ್ ಹಿಂದೆಯೇ ಬಂತು. 1932ರಲ್ಲಿ ಸ್ಮೂಟ್, ಹಾವ್ಲಿ, ಹೂವರ್ ಮೂವರೂ ಕುರ್ಚಿ ಕಳೆದುಕೊಂಡರು. ಆ ಸಲ ಕೂಡಿಸಿ ಕಳೆದವರು ಮತದಾರರು. ಅವರಿಗೆ ಗ್ರೀಕ್ ಬರುತ್ತಿರಲಿಲ್ಲ.